ಟೈಮಿಂಗ್ ಪುಸ್ತಕ

ನಮ್ಮ ಮನೆಯ ಮಂಚದ ಕೆಳಗೆ ಒಂದು ಕೀಬೋರ್ಡ್ ಇದೆ. ಅದಕ್ಕೆ ಹೆಂಡತಿಯ ಹಳೆ ಸೀರೆಯಿಂದ ಹೊಲಿದ ಕವರು, ಕವರಿನ ಮೇಲೆ ಮಳೆಗಾಲದ ಬೂಷ್ಟು. ಪಕ್ಕದಲ್ಲಿ ಮಡಚಿಟ್ಟ ಕರಾಟೆ ಅಂಗಿ, ಅಬಾಕಸ್ಸಿನ ಮಣಿ ಚೌಕಟ್ಟು, ಒಣಗಿ ಕಲ್ಲಾದ ಪೋಸ್ಟರ್ ಕಲರ್ ಡಬ್ಬಿಗಳು. ಗುಡಿಸುವಾಗ ಹಿಡಿಸೂಡಿ ಇವುಗಳಲ್ಲಿ ಯಾವುದಕ್ಕಾದರೂ ತಾಗಿಯೇ ತಾಗುತ್ತದೆ. 'ನಿಮ್ಮ ಮ್ಯೂಸಿಯಂ' ಎನ್ನುತ್ತಾಳೆ ಅವಳು. ಮಗನದ್ದಲ್ಲ, ನನ್ನದು. ಅವಳು ಹೇಳುವುದು ಸರಿ. ನಾಲ್ಕು ವರ್ಷಗಳಲ್ಲಿ ಅವನನ್ನು ಸೇರಿಸಿದ ನಾಲ್ಕು ಕ್ಲಾಸುಗಳಲ್ಲಿ ಒಂದನ್ನೂ ಅವನು ಕೇಳಿ ಸೇರಿದ್ದಲ್ಲ.

ಕೀಬೋರ್ಡಿನ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ, ಅದು ಮನಸ್ಸಿನಲ್ಲಿ ಚುಚ್ಚುತ್ತಿರುವ ವಿಷಯ. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಶಾಲೆಯ ವಾರ್ಷಿಕೋತ್ಸವದಲ್ಲಿ ನನ್ನದೇ ಕ್ಲಾಸಿನ ಹುಡುಗನೊಬ್ಬ ಪುಟ್ಟ ಕ್ಯಾಸಿಯೋ ನುಡಿಸಿದ್ದ. ಅದರ ಮರುದಿನ ಅಪ್ಪನ ಹತ್ತಿರ ಕೇಳಿದೆ. ಅಪ್ಪ ಮಂಗಳೂರಿನ ಹಂಚಿನ ಕಾರ್ಖಾನೆಯೊಂದರಲ್ಲಿ ಗುಮಾಸ್ತರು. ಬೈಯಲಿಲ್ಲ. 'ಮೊದಲು ಎಸ್ಸೆಸ್ಸೆಲ್ಸಿ ಆಗಲಿ' ಎಂದರು. ಎಸ್ಸೆಸ್ಸೆಲ್ಸಿ ಆಯಿತು, ಪಿಯುಸಿ ಆಯಿತು, ಬ್ಯಾಂಕಿನ ಪರೀಕ್ಷೆಯೂ ಆಯಿತು. ಕ್ಯಾಸಿಯೋ ಮಾತ್ರ ಆಗಲಿಲ್ಲ. ಹಾಗಾಗಿ ಮಗನಿಗೆ ಆರು ತುಂಬಿದ ದಿನ ಅದನ್ನು ಮನೆಗೆ ತಂದವನು ಅವನ ಅಪ್ಪನಲ್ಲ, ಆ ಎಂಟನೇ ಕ್ಲಾಸಿನ ಹುಡುಗ.

ಮಗ ಮೊದಲು ಡೆಮೊ ಗುಂಡಿ ಒತ್ತಿ ಅದು ತಾನಾಗಿ ನುಡಿಯುವುದನ್ನು ಕೇಳಿದ. ಆಮೇಲೆ ಎಡತುದಿಯ ದಪ್ಪ ಸ್ವರವೊಂದನ್ನು ಒತ್ತಿ ಹಿಡಿದು, ಬಿಡದೆ, ನನ್ನ ಮುಖ ನೋಡಿ ಹೇಳಿದ: 'ಅಪ್ಪ, ಬಸ್ಸು ಸ್ಟ್ಯಾಂಡಲ್ಲಿ ಆಫ್ ಮಾಡದೆ ನಿಂತಿರ್ತದಲ್ಲ, ಆ ಶಬ್ದ ಇದು.' ನಾನು ನಕ್ಕುಬಿಟ್ಟೆ. ಅವನಿಗೆ ಬೇಕಾದದ್ದೇನೆಂದು ಅವನು ಅವತ್ತೇ ಹೇಳಿದ್ದ. ನನಗೆ ಕೇಳಿಸಿದ್ದು ನಾಲ್ಕು ವರ್ಷ ಕಳೆದ ಮೇಲೆ.

ಕೇಳಿಸಿದ್ದು ಒಂದು ಪುಸ್ತಕದಿಂದ. ಗಣಿತದ ಹೋಮ್‌ವರ್ಕ್ ಹುಡುಕುತ್ತಾ ಅವನ ಬ್ಯಾಗಿಗೆ ಕೈ ಹಾಕಿದಾಗ ಇನ್ನೂರು ಪುಟದ ನೋಟ್‌ಬುಕ್ಕೊಂದು ಸಿಕ್ಕಿತು. ಲೇಬಲ್ಲಿನ ಮೇಲೆ 'ವಿಷಯ' ಎಂದಿರುವಲ್ಲಿ 'ಟೈಮಿಂಗ್' ಎಂದು ಬರೆದಿದ್ದ. ಒಳಗೆ ಸ್ಕೇಲ್ ಇಟ್ಟು ಎಳೆದ ಗೆರೆಗಳು. ಬಸ್ಸಿನ ಹೆಸರು, ನೋಂದಣಿ ಸಂಖ್ಯೆ, ಬಣ್ಣ, ಬಾಗಿಲು ಎಷ್ಟು, ಸ್ಟೇಟ್ ಬ್ಯಾಂಕಿನಿಂದ ಹೊರಟ ಹೊತ್ತು, ಸುರತ್ಕಲ್, ಮೂಲ್ಕಿ, ಪಡುಬಿದ್ರಿ, ಕಾಪು, ಕಟಪಾಡಿ ಮುಟ್ಟಿದ ಹೊತ್ತು. ಘಟ್ಟದ ಮೇಲಿನವರಿಗೆ ಒಂದು ಮಾತು: ಮಂಗಳೂರಿನಲ್ಲಿ 'ಸ್ಟೇಟ್ ಬ್ಯಾಂಕ್' ಎಂದರೆ ಬ್ಯಾಂಕಲ್ಲ, ಬಸ್ ನಿಲ್ದಾಣ. ಬ್ಯಾಂಕಿಗೇ ಹೋಗಬೇಕಿದ್ದರೆ ಬೇರೆ ರೀತಿಯಲ್ಲಿ ಕೇಳಬೇಕು.

ಅಂಥ 38 ಪುಟಗಳಿದ್ದವು. ಗಣಿತದ ಪುಸ್ತಕದಲ್ಲಿ ಬರೆದದ್ದು 12 ಪುಟ. ಸಿಟ್ಟು ಬಂತು ಎಂದು ಒಪ್ಪಿಕೊಳ್ಳುತ್ತೇನೆ.

ಕರಾವಳಿಯಲ್ಲಿ ಬೆಳೆದವರಿಗೆ ಬಸ್ಸಿನ ಹುಚ್ಚು ಏನೆಂದು ವಿವರಿಸಬೇಕಾಗಿಲ್ಲ. ರಾಜ್ಯದ ಬೇರೆ ಹೆಚ್ಚಿನ ಕಡೆ ಬಸ್ಸೆಂದರೆ ಸರ್ಕಾರಿ ಬಸ್ಸು, ಹೆಚ್ಚುಕಡಿಮೆ ಎಲ್ಲವೂ ಒಂದೇ ತರ. ನಮ್ಮಲ್ಲಿ ಖಾಸಗಿ ಬಸ್ಸಿನದ್ದೇ ಕಾರುಬಾರು, ಅದೂ ನೂರು ವರ್ಷಕ್ಕೂ ಹಿಂದಿನಿಂದ. ಯಕ್ಷಗಾನದ ಚೌಕಿಯಲ್ಲಿ ಒಂದೊಂದು ವೇಷ ಎದ್ದು ನಿಲ್ಲುವ ಹಾಗೆ ಒಂದೊಂದು ಬಸ್ಸಿಗೂ ಒಂದು ಹೆಸರು, ಒಂದು ಬಣ್ಣ, ಗಾಜಿನ ಮೇಲೆ ಒಬ್ಬ ದೇವರು, ಒಂದು ಎಳೆ ಮಲ್ಲಿಗೆ. ಒಂದರ ಹಿಂದೆ ಇನ್ನೊಂದು ಇರುವುದರಿಂದ ನಿಮಿಷಕ್ಕೆ ಬೆಲೆ ಇದೆ. ಎರಡು ನಿಮಿಷ ತಡವಾದರೆ ಹಿಂದಿನವನ ಕಲೆಕ್ಷನ್ನಿಗೆ ಕೈ ಹಾಕಿದ ಹಾಗೆ. ಸ್ಟ್ಯಾಂಡಿನಲ್ಲಿ ಟೈಮ್ ಕೀಪರ್ ಎದುರು ಕಂಡಕ್ಟರುಗಳು ಗಡಿಯಾರ ಹಿಡಿದು ಜಗಳವಾಡುವುದನ್ನು ಮಗ ಬಾಯಿಬಿಟ್ಟು ನೋಡುತ್ತಾನೆ. ಬೇರೆ ಮಕ್ಕಳು ಐಪಿಎಲ್ ನೋಡುವುದೂ ಹಾಗೆಯೇ.

ನಾವಿರುವುದು ಉಡುಪಿಯಲ್ಲಿ. ಅಮ್ಮ ಮಂಗಳೂರಿನ ಬಿಜೈಯಲ್ಲಿ ತಮ್ಮನ ಜೊತೆ ಇದ್ದಾರೆ. ಬ್ಯಾಂಕಿಗೆ ರಜೆ ಇರುವ ಎರಡನೇ ಶನಿವಾರ ಅಲ್ಲಿಗೆ ಹೋಗುವುದು ನಮ್ಮ ರೂಢಿ. ಮನೆಯಲ್ಲಿ ಕಾರಿದೆ. ಮಗನಿಗೆ ಕಾರು ಬೇಡ. ಡ್ರೈವರ್ ಪಕ್ಕದ, ಎಂಜಿನ್ ಬಳಿಯ ಸೀಟು ಸಿಗಲಿಲ್ಲವೆಂದರೆ ಮುಂದಿನ ಬಸ್ಸಿಗೆ ಕಾಯಬೇಕು. ಕಣ್ಣು ಮುಚ್ಚಿಕೊಂಡು ಶಬ್ದದಲ್ಲೇ ಇದು ಲೇಲ್ಯಾಂಡ್, ಇದು ಟಾಟಾ ಎನ್ನುತ್ತಾನೆ. ಕೆಎ 19 ಮಂಗಳೂರು, 20 ಉಡುಪಿ, 21 ಪುತ್ತೂರು, 70 ಬಂಟ್ವಾಳ ಎಂಬುದು ಅವನಿಗೆ ಮಗ್ಗಿಗಿಂತ ಮೊದಲೇ ಬಾಯಿಪಾಠವಾಗಿತ್ತು. ನಾನು ಅಂಗಳದಲ್ಲಿ ಕಾರು ಹಿಂದೆ ತೆಗೆಯುವಾಗ ಬದಿಗೆ ಎರಡು ಪೆಟ್ಟು ಕೊಟ್ಟು ಕಂಡಕ್ಟರರ ತುಳುವಿನಲ್ಲಿ 'ಪಿರ ಪೋಲೆ, ಪಿರ ಪೋಲೆ' (ಹಿಂದೆ ಹೋಗಿ) ಎನ್ನುವುದು, ಊಟ ಮುಗಿಸಿ ಏಳುವಾಗ 'ರೈಟ್ ಪೋಯಿ' (ರೈಟ್, ಹೋಗುವ) ಎನ್ನುವುದು, ಇವೆಲ್ಲ ದಿನನಿತ್ಯದ್ದು. ಬೆಳಗ್ಗಿನ ಬಸ್ಸಿಗೆ ಕಟಪಾಡಿಯಲ್ಲಿ ಶಂಕರಪುರ ಮಲ್ಲಿಗೆಯ ಕಟ್ಟುಗಳು ಏರುತ್ತವೆ. ಒಮ್ಮೆ ಕಂಡಕ್ಟರನ್ನು ಕೇಳಿ ಪುಸ್ತಕದ ಅಂಚಿನಲ್ಲಿ ಬರೆದಿಟ್ಟಿದ್ದ: '1 ಚೆಂಡು = 800 ಹೂ. 4 ಚೆಂಡು = 1 ಅಟ್ಟೆ.' ಅದರ ಕೆಳಗೆ, 'ಬಸ್ಸಿಗೆ ಪರಿಮಳ.'

ಮಗಳ ವಿಷಯ ಬೇರೆ. ಅವಳು ಒಂಬತ್ತನೇ ಕ್ಲಾಸು. ಪ್ರೌಢಶಾಲೆಗಳಲ್ಲಿ ಯಕ್ಷಶಿಕ್ಷಣ ಟ್ರಸ್ಟಿನವರು ನಡೆಸುವ ಯಕ್ಷಗಾನ ತರಗತಿಗೆ ತಾನಾಗಿ ಹೆಸರು ಕೊಟ್ಟು ಬಂದವಳು. ನಮಗೆ ಗೊತ್ತಾದದ್ದು ಗೆಜ್ಜೆ ಬೇಕೆಂದಾಗ. ಕೃಷ್ಣಮಠದ ರಾಜಾಂಗಣದಲ್ಲಿ ಮಕ್ಕಳ ಪ್ರದರ್ಶನದ ದಿನ ಕಿರೀಟ ಕಟ್ಟಿಕೊಂಡು ನಿಂತವಳನ್ನು ಕಂಡು ನನ್ನಮ್ಮನ ಕಣ್ಣಲ್ಲಿ ನೀರು. ಅವಳಿಗೆ ಅದು ನಿಜವಾಗಿಯೂ ಇಷ್ಟ, ಅನುಮಾನವಿಲ್ಲ. ಆದರೆ ಮನೆಗೆ ನೆಂಟರು ಬಂದರೆ ಏನಾಗುತ್ತದೆ ನೋಡಿ. 'ಮಗಾ, ಒಂದು ಮಂಡಿ ಹಾಕಿ ತೋರಿಸು' ಎಂದು ಅವಳಿಗೆ ಹೇಳುತ್ತಾರೆ. ಇವನಿಗೆ ಯಾರೂ 'ಒಂದು ಟೈಮಿಂಗ್ ಹೇಳು' ಎನ್ನುವುದಿಲ್ಲ. ಮಕ್ಕಳ ಇಷ್ಟಕ್ಕೆ ಬೆಂಬಲ ಕೊಡುತ್ತೇವೆ ಎಂದು ನಾವೆಲ್ಲ ಹೇಳುತ್ತೇವೆ. ವೇದಿಕೆ ಇರುವ ಇಷ್ಟಕ್ಕೆ ಬೆಂಬಲ ಕೊಡುವುದು ಸುಲಭ. ಫೋಟೋ ತೆಗೆಯಬಹುದು.

ಕಳೆದ ವರ್ಷ ಒಂದು ಮದುವೆಯಲ್ಲಿ, ಊಟದ ಪಂಕ್ತಿಯಲ್ಲಿ, ಭಾವ ಕೇಳಿದರು: 'ಮಗಳು ಯಕ್ಷಗಾನ. ಮಗ ಎಂಥ ಕಲೀತಾನೆ?' ಬಸ್ಸು ಎಂದೆ. ಎಂದಮೇಲೆ ಸುಮ್ಮನಿರಬೇಕಿತ್ತು. ನಾನು ಶುರು ಮಾಡಿದೆ: ಹಾಗಲ್ಲ ಭಾವ, ಅದರಿಂದ ಅವನಿಗೆ ವೇಗ, ದೂರ, ಸಮಯದ ಲೆಕ್ಕ ಬರ್ತದೆ, ಊರಿನ ಭೂಗೋಳ ಗೊತ್ತಾಗ್ತದೆ, ಕೂಳೂರಿನಲ್ಲಿ ಫಲ್ಗುಣಿ, ಪಾವಂಜೆಯಲ್ಲಿ ನಂದಿನಿ, ಮೂಲ್ಕಿಯಲ್ಲಿ ಶಾಂಭವಿ ಅಂತ ಸೇತುವೆ ಸಮೇತ ಹೇಳ್ತಾನೆ. ಭಾವ ಎಲ್ಲವನ್ನೂ ಕೇಳಿ, ಹೋಳಿಗೆಗೆ ತುಪ್ಪ ಹಾಕಿಸಿಕೊಂಡು, 'ಮತ್ತೆಂಥ, ಮುಂದೆ ಕಂಡಕ್ಟರ್ ಆಗ್ತಾನೆ' ಎಂದರು. ಪಂಕ್ತಿಯೆಲ್ಲ ನಕ್ಕಿತು. ನಾನೂ ನಕ್ಕೆ.

ಮಗ ಎದುರು ಸಾಲಿನಲ್ಲೇ ಕೂತಿದ್ದ.

ವಾಪಸು ಬರುವಾಗ ಕಾರಿನಲ್ಲಿ ಕೇಳಿದ, 'ಕಂಡಕ್ಟರ್ ಆದ್ರೆ ಎಂಥ ಅಪ್ಪ?' ಅದರಲ್ಲಿ ಎದುರುತ್ತರದ ದನಿ ಇರಲಿಲ್ಲ, ತಿಳಿಯಲಿಕ್ಕೆ ಕೇಳಿದ್ದು. ಅವನ ಕಣ್ಣಿಗೆ ಕಂಡಕ್ಟರ್ ಎಂದರೆ ಓಡುವ ಬಸ್ಸಿನಲ್ಲಿ ಕಂಬಿ ಹಿಡಿಯದೆ ನಿಂತು, ಬೆರಳ ಸಂದಿಯಲ್ಲಿ ನೋಟು ಮಡಚಿಟ್ಟು, ಯಾರು ಎಲ್ಲಿ ಹತ್ತಿದರು, ಎಲ್ಲಿ ಇಳಿಯಬೇಕು, ಯಾರಿಗೆ ಚಿಲ್ಲರೆ ಬಾಕಿ ಎಂಬುದನ್ನೆಲ್ಲ ತಲೆಯಲ್ಲೇ ಇಟ್ಟುಕೊಳ್ಳುವ ಮನುಷ್ಯ. ಅದು ಸುಳ್ಳೂ ಅಲ್ಲ. ನನಗೆ ಉತ್ತರ ಹೊಳೆಯಲಿಲ್ಲ. 'ಏನೂ ಇಲ್ಲ' ಎಂದೆ. 'ಮತ್ತೆ ಎಲ್ಲರೂ ಯಾಕೆ ನಕ್ಕದ್ದು?' ಎಂದ. ಹೆಂಡತಿ ಕಿಟಕಿಯ ಹೊರಗೆ ನೋಡುತ್ತಿದ್ದಳು.

ಆ ರಾತ್ರಿ ನನಗೆ ಹೆಚ್ಚು ನಾಚಿಕೆಯಾದದ್ದು ನಕ್ಕದ್ದಕ್ಕಿಂತ ನನ್ನ ವಕಾಲತ್ತಿಗೆ. ವೇಗ, ದೂರ, ಭೂಗೋಳ! ಮಗನ ಸಂತೋಷಕ್ಕೆ ನಾನು ಆರ್‌ಟಿಒ ಕಚೇರಿಯಲ್ಲಿ ನಿಂತು ಪರ್ಮಿಟ್ ಮಾಡಿಸುತ್ತಿದ್ದೆ. ಗಣಿತದ ಹೆಸರಿನಲ್ಲಿ ಒಂದು ಸೀಲು, ಭೂಗೋಳದ ಹೆಸರಿನಲ್ಲಿ ಇನ್ನೊಂದು. ಉಪಯೋಗವಿದೆ ಎಂದು ತೋರಿಸಿದರೆ ಮಾತ್ರ ಮಕ್ಕಳ ಇಷ್ಟ ರಸ್ತೆಗೆ ಇಳಿಯಬಹುದು ಎಂಬ ನಿಯಮ ಮಾಡಿದವರು ಯಾರು? ನನ್ನಪ್ಪ ದಿನಾ ಸಂಜೆ ಜಗಲಿಯಲ್ಲಿ ಕೂತು ಇಸ್ಪೀಟಿನಲ್ಲಿ ಒಬ್ಬರೇ ಆಡುತ್ತಿದ್ದರು. ಅದರಿಂದ ಎಂಥ ಪ್ರಯೋಜನ ಎಂದು ಅವರನ್ನು ಯಾರೂ ಕೇಳಿದ್ದಿಲ್ಲ.

ಇಷ್ಟು ಅರ್ಥವಾದ ಮೇಲೂ ದೊಡ್ಡ ತಪ್ಪು ಮಾಡಿದ್ದು ನಾನೇ. ಈ ಬಾರಿ ವಿರೋಧಿಸಿ ಅಲ್ಲ, ಪ್ರೋತ್ಸಾಹಿಸಿ.

ಅವನು ಬಸ್ಸುಗಳನ್ನು ಮಾಡಲು ಹಿಡಿದಿದ್ದ. ಫ್ಲೆಕ್ಸ್ ಅಂಗಡಿಯವರು ಬಿಸಾಡುವ ಸನ್‌ಬೋರ್ಡ್ ತುಂಡುಗಳನ್ನು ಕೇಳಿ ತರುತ್ತಿದ್ದ. ಔಷಧಿ ಬಾಟಲಿಯ ಮುಚ್ಚಳ ಚಕ್ರ, ಸೊಳ್ಳೆಪರದೆಯ ತುಂಡು ಗ್ರಿಲ್ಲು, ಹಿಡಿಸೂಡಿ ಕಡ್ಡಿ ವೈಪರು, ಅಕ್ಕನ ಹಳೆ ಲಂಗದಿಂದ ಕಿತ್ತ ಕನ್ನಡಿ ಚೂರು ಸೈಡ್ ಮಿರರು. ನಿಜವಾದ ಬಸ್ಸಿನ 2 ಅಡಿ ಇವನ ಲೆಕ್ಕದಲ್ಲಿ 1 ಇಂಚು. ಮೊದಲನೆಯದು ಸೊಟ್ಟಗಿತ್ತು, ಎರಡನೆಯದರ ಬಾಗಿಲು ತೆರೆಯುತ್ತಿತ್ತು, ಮೂರನೆಯದನ್ನು ಕಂಡು ನಾನು ಬೆರಗಾದೆ. ಬೆರಗಾದವನು ಬೆರಗಾಗಿ ಸುಮ್ಮನಿದ್ದರೆ ಆಗುತ್ತಿತ್ತು. ಇನ್‌ಸ್ಟಾಗ್ರಾಮಿನಲ್ಲಿ ಒಂದು ಪುಟ ತೆರೆದೆ. ಒಳ್ಳೆಯ ಕತ್ತರಿ, ಒಳ್ಳೆಯ ಗೋಂದು, ಮೇಲಿನಿಂದ ಬೆಳಕು ಬೀಳುವ ಮೇಜು. ಒಂದು ಬಸ್ಸಿಗೆ 100 ರೂಪಾಯಿ ಎಂದು ಹೇಳಿದೆ. ಸ್ನೇಹಿತರೊಬ್ಬರು ತಮ್ಮ ಅಂಗಡಿಯ ಶೋಕೇಸಿಗೆ ಒಂದು ಬೇಕೆಂದಾಗ, ಅವನನ್ನು ಕೇಳದೆ, ಚೌತಿಯೊಳಗೆ ಕೊಡುತ್ತೇವೆ ಎಂದೆ. 'ಕೊಡುತ್ತೇವೆ.' ಬಹುವಚನ!

ನಾಲ್ಕನೆಯ ಬಸ್ಸನ್ನು ಮಾಡಿದ, 100 ರೂಪಾಯಿ ತೆಗೆದುಕೊಂಡ. ಐದನೆಯದು ಚಾಸಿ ಹಂತದಲ್ಲೇ ಮೇಜಿನ ಮೇಲೆ ಉಳಿಯಿತು. ಚೌತಿ ಹೋಯಿತು, ನವರಾತ್ರಿ ಹೋಯಿತು. 'ಬಸ್ಸು ಎಂಥ ಆಯ್ತಾ?' ಎಂದು ಕೇಳಿದರೆ, ನಾನು ಅವನ ವಯಸ್ಸಿನಲ್ಲಿ ಕಾಪಿ ಬರೆಯುವುದರ ಬಗ್ಗೆ ಹೇಳುತ್ತಿದ್ದ ಅದೇ ದನಿಯಲ್ಲಿ, 'ಮಾಡ್ತೇನೆ' ಎನ್ನುತ್ತಿದ್ದ.

ಹೆಂಡತಿ ಶಾಲಾ ಶಿಕ್ಷಕಿ. ಬಿ.ಎಡ್.ನಲ್ಲಿ ಓದಿದ್ದ ಒಂದು ಪ್ರಯೋಗದ ಬಗ್ಗೆ ಆಗ ಹೇಳಿದಳು. 1973ರಲ್ಲಿ ಪ್ರಕಟವಾದದ್ದು, ಮಾರ್ಕ್ ಲೆಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಎಂಬ ಮೂವರು ಮನಶ್ಶಾಸ್ತ್ರಜ್ಞರದ್ದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಬಣ್ಣದ ಪೆನ್ನಿನಿಂದ ಚಿತ್ರ ಬಿಡಿಸುವುದೆಂದರೆ ಇಷ್ಟಪಡುವ ಮಕ್ಕಳನ್ನೇ ಆರಿಸಿಕೊಂಡರು. ಮೂರರಿಂದ ಐದು ವರ್ಷದ 51 ಮಕ್ಕಳು. ಕೆಲವರಿಗೆ ಮೊದಲೇ ಹೇಳಿದರು: ಚಿತ್ರ ಬಿಡಿಸಿದರೆ ಚಿನ್ನದ ನಕ್ಷತ್ರ, ರಿಬ್ಬನ್ ಇರುವ ಪ್ರಮಾಣಪತ್ರ ಕೊಡುತ್ತೇವೆ. ಕೆಲವರಿಗೆ ಏನೂ ಹೇಳದೆ ಕೊನೆಯಲ್ಲಿ ಅದೇ ಪತ್ರ ಕೊಟ್ಟರು. ಉಳಿದವರಿಗೆ ಹೇಳಲೂ ಇಲ್ಲ, ಕೊಡಲೂ ಇಲ್ಲ. ಒಂದೆರಡು ವಾರ ಬಿಟ್ಟು, ಯಾರೂ ಹೇಳದಿದ್ದಾಗ ಮಕ್ಕಳು ತಾವಾಗಿ ಪೆನ್ನು ಎತ್ತಿಕೊಳ್ಳುತ್ತಾರೋ ಎಂದು ಮರೆಯಲ್ಲಿ ಕೂತು ನೋಡಿದರು. ಬಹುಮಾನ ಕೊಡುತ್ತೇವೆಂದು ಮೊದಲೇ ಹೇಳಿಸಿಕೊಂಡ ಮಕ್ಕಳು ಆಟದ ಹೊತ್ತಿನ ಸುಮಾರು ಶೇ. 8.6ರಷ್ಟನ್ನು ಚಿತ್ರಕ್ಕೆ ಕೊಟ್ಟರು. ಉಳಿದ ಎರಡು ಗುಂಪುಗಳಲ್ಲಿ ಅದು ಶೇ. 17-18ರ ಆಸುಪಾಸು.

ಎರಡು ಸಲ ಹೇಳಿಸಿಕೊಂಡೆ. ಬಹುಮಾನ ಕೊಟ್ಟದ್ದರಿಂದ ಆಸಕ್ತಿ ಸತ್ತದ್ದಲ್ಲ, ಸುಮ್ಮನೆ ಕೊಟ್ಟವರಿಗೆ ಏನೂ ಆಗಲಿಲ್ಲವಲ್ಲ. ಮೊದಲೇ ಕುದುರಿಸಿದ ವ್ಯವಹಾರದಿಂದ. ಇದನ್ನು ಮಾಡಿದರೆ ಅದು ಎಂದ ಕೂಡಲೇ 'ಇದು' ಕೆಲಸವಾಗುತ್ತದೆ. ನಾನು ಬ್ಯಾಂಕಿನವ, ಟಾರ್ಗೆಟ್ಟಿನ ಮೇಲೆ ಬದುಕುವ ಜನ ನಾವು. ಟಾರ್ಗೆಟ್ ಬಂದ ದಿನದಿಂದ ಕೆಲಸದ ರುಚಿ ಏನಾಗುತ್ತದೆ ಎಂಬುದು ನನಗೆ ಅಮೆರಿಕದವರು ಹೇಳಿ ಗೊತ್ತಾಗಬೇಕಾಗಿರಲಿಲ್ಲ. ಅದನ್ನೇ ತಂದು ಮಗನ ಮೇಜಿನ ಮೇಲೆ ಇಟ್ಟಿದ್ದೆ.

ಸ್ನೇಹಿತರಿಗೆ ಫೋನು ಮಾಡಿ ಬಸ್ಸು ಬರುವುದಿಲ್ಲ ಎಂದೆ. ಇನ್‌ಸ್ಟಾಗ್ರಾಮ್ ಪುಟ ಅಳಿಸಿದೆ. ಮಗನಿಗೆ ಏನು ಹೇಳಬೇಕೆಂದು ತೋಚಲಿಲ್ಲ. 'ಆ ಬಸ್ಸು ಕೊಡ್ಬೇಕು ಅಂತ ಇಲ್ಲ' ಎಂದಷ್ಟೇ ಹೇಳಿದೆ. 'ಹೌದಾ' ಎಂದು ಹೋದ.

ಇಲ್ಲಿ ಹೆಂಡತಿಯ ಒಂದು ತಕರಾರನ್ನೂ ಬರೆಯಬೇಕು, ಇಲ್ಲದಿದ್ದರೆ ಇದನ್ನು ಓದಿ ಜಗಳ ತೆಗೆಯುತ್ತಾಳೆ. ಮಗನಿಗೆ ಈಜೂ ಬೇಡವಾಗಿತ್ತು. ಇಷ್ಟವಿಲ್ಲದ್ದನ್ನು ಬಿಡಿಸುವ ಹುಮ್ಮಸ್ಸಿನಲ್ಲಿ ನಾನು ಅದನ್ನೂ ಬಿಡಿಸಲು ಹೊರಟೆ. ಅವಳು ಒಪ್ಪಲಿಲ್ಲ. 'ಒಂದು ಕಡೆ ಕಡಲು, ಊರಿಗೊಂದು ಹೊಳೆ, ಮನೆಗೊಂದು ಬಾವಿ. ಈಜು ಹವ್ಯಾಸ ಅಲ್ಲ, ಚಪ್ಪಲಿ ಹಾಕಿ ನಡೆದ ಹಾಗೆ' ಎಂದಳು. ಅಜ್ಜರಕಾಡಿನ ಈಜುಕೊಳಕ್ಕೆ ಒಂದು ಬೇಸಿಗೆ ಪೂರ್ತಿ ಅವನು ಮುಖ ಗಂಟಿಕ್ಕಿಕೊಂಡೇ ಹೋದ. ಕಲಿತ. ಈಗಲೂ ಇಷ್ಟವಿಲ್ಲ. ಅವಳು ಹೇಳಿದ್ದೇ ಸರಿ. ಬೇಕೇಬೇಕಾದದ್ದನ್ನು ಹವ್ಯಾಸ ಎಂದು ಕರೆದು ಮಕ್ಕಳಿಗೆ ಮೋಸ ಮಾಡುವುದು ಬೇಡ, 'ಇದು ನಿನ್ನ ಇಷ್ಟಕ್ಕೆ ಬಿಟ್ಟದ್ದಲ್ಲ' ಎಂದು ನೇರವಾಗಿ ಹೇಳಿದರೆ ಅವರಿಗೆ ಅರ್ಥವಾಗುತ್ತದೆ.

ನನ್ನ ಪಾಲಿಗೆ ಉಳಿದದ್ದು ಜೊತೆಗೆ ಹೋಗುವುದೊಂದೇ. ಒಂದು ಶನಿವಾರ ಗ್ಯಾರೇಜೊಂದರ ಹೊರಗೆ ಬಸ್ಸಿಗೆ ಬಣ್ಣ ಬಳಿಯುತ್ತಿದ್ದುದನ್ನು ಕಂಡು ಮಗ ನಿಂತುಬಿಟ್ಟ. ಈಗ ಹೆಚ್ಚಿನವು ಸ್ಟಿಕರು, ಇಲ್ಲಿ ಮಾತ್ರ ಹಿರಿಯ ಪೇಂಟರ್ ಒಬ್ಬರು ಬ್ರಷ್ ಹಿಡಿದು ಬಸ್ಸಿನ ಈ ತುದಿಯಿಂದ ಆ ತುದಿಗೆ ಒಂದು ಹಳದಿ ಗೆರೆ ಎಳೆಯುತ್ತಿದ್ದರು. ನಾನು ಹೊರಗೆ ಆಲದ ಬುಡದಲ್ಲಿ ಕೂತೆ. ಒಂದೂವರೆ ಗಂಟೆ. ಮಧ್ಯದಲ್ಲಿ ಅವರು ಇವನ ಕೈಗೆ ಬ್ರಷ್ ಕೊಟ್ಟು ಹಳೆ ತಗಡಿನ ಮೇಲೆ ಎಳೆಯಲು ಹೇಳಿದ್ದು ಕಾಣಿಸಿತು. ಇವನ ಕೈ ಬಿಗಿದುಕೊಂಡಿತ್ತು. 'ಬ್ರಷ್ ಗಟ್ಟಿ ಹಿಡೀಬೇಡ ಮಗಾ, ಉಸಿರು ಹಿಡಿ' ಎಂದರು. ಯಾವ ಕ್ಲಾಸಿನಲ್ಲೂ ಯಾರೂ ಇವನಿಗೆ ಇಷ್ಟು ಚೆನ್ನಾಗಿ ಹೇಳಿಕೊಟ್ಟದ್ದಿಲ್ಲ ಎನಿಸಿತು. ತಿಂಗಳಿಗೆ ಎಷ್ಟು ಫೀಸು ಎಂದು ಕೇಳುವ ಚಪಲ ನಾಲಿಗೆ ತುದಿಗೆ ಬಂದಿತ್ತು. ನುಂಗಿದೆ.

ಚಪಲ ಪೂರ್ತಿ ಹೋಗುವುದಿಲ್ಲ. ಬರುವಾಗ ದಾರಿಯಲ್ಲಿ ಕೆ.ಕೆ. ಹೆಬ್ಬಾರರ ಕಥೆ ತೆಗೆದೆ. ಇಲ್ಲೇ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದವರು, ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು ದೇಶಕ್ಕೇ ಹೆಸರಾದ ಚಿತ್ರಕಾರರು. ದೊಡ್ಡವರಾದ ಮೇಲೆ, ಗೆರೆಗೆ ಲಯ ಬೇಕೆಂದು, ಕಥಕ್ ನೃತ್ಯ ಕಲಿತರಂತೆ. ಒಂದರ ಮೇಲಿನ ಪ್ರೀತಿ ಇನ್ನೊಂದಕ್ಕೆ ದಾರಿ ಮಾಡಿಕೊಡುತ್ತದೆ, ಹಾಗೆ ನೀನೂ ಡ್ರಾಯಿಂಗ್... ಎನ್ನುವಷ್ಟರಲ್ಲಿ ಮಗ ಗಂಭೀರವಾಗಿ ಕೇಳಿದ:

'ಕಟ್ಟಿಂಗೇರಿಗೆ ಯಾವ ಬಸ್ಸು ಹೋಗ್ತದೆ?'

ಜುಲೈಯಲ್ಲಿ ಜೋರು ಮಳೆಗೆ ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಕೊಟ್ಟ ದಿನ, ಬ್ಯಾಂಕಿನಿಂದ ಬರುವಾಗ ಚಾವಡಿ ತುಂಬ ಸನ್‌ಬೋರ್ಡಿನ ಬಿಳಿ ಪುಡಿ. ಮೇಜಿನ ಮೇಲಲ್ಲ, ನೆಲದಲ್ಲಿ. ಒಳ್ಳೆಯ ಕತ್ತರಿ ಬಿಟ್ಟು ಅಡುಗೆಮನೆಯ ಚೂರಿ ತಂದುಕೊಂಡಿದ್ದ. ನಾನು ಕೊಡೆ ಮಡಚಿಟ್ಟು ನೇರ ಒಳಗೆ ಹೋದೆ. ಹೆಂಡತಿ ಚಾ ಕೊಟ್ಟಳು, ಏನೂ ಹೇಳಲಿಲ್ಲ. ನಾಲ್ಕು ದಿನ ಬಿಟ್ಟು ಬಸ್ಸು ತಯಾರಾಗಿ ಟಿವಿಯ ಮೇಲಿನ ಶೆಲ್ಫಿನಲ್ಲಿ ನಿಂತಿತ್ತು. ಬದಿಯಲ್ಲಿ ಹಳದಿ ಗೆರೆ, ತುಸು ನಡುಗಿದ್ದು. ಬೋರ್ಡು ಮಾತ್ರ ಖಾಲಿ. ಹೆಸರು ಯಾಕೆ ಬರೆಯಲಿಲ್ಲ ಎಂದು ತಡೆಯಲಾರದೆ ಕೇಳಿದೆ.

'ಪರ್ಮಿಟ್ ಆಗ್ಲಿಲ್ಲ ಇನ್ನೂ' ಎಂದ. ನನ್ನ ರಾತ್ರಿಯ ಯೋಚನೆಗಳು ಅವನಿಗೆ ಗೊತ್ತಿರಲು ಸಾಧ್ಯವಿಲ್ಲ. ಬಸ್ಸಿನ ಲೋಕದಲ್ಲಿ ಪರ್ಮಿಟ್ ಎಂದರೆ ಪರ್ಮಿಟ್.

ಕಳೆದ ಎರಡನೇ ಶನಿವಾರ ಅಮ್ಮನ ಮನೆಯಿಂದ ವಾಪಸು ಹೊರಟೆವು. ಎಂಜಿನ್ ಪಕ್ಕದ ಸೀಟು ಸಿಕ್ಕಿತು. ಲಾಲ್‌ಬಾಗ್, ಕೊಟ್ಟಾರ ಚೌಕಿ, ಕೂಳೂರು. ಗಾಜಿನ ಮೇಲೆ ಮಳೆ, ಮಗನ ತೊಡೆಯ ಮೇಲೆ ಪುಸ್ತಕ. ಅದು ಈಗ ಎರಡನೆಯದು. ಅವನು ಪೆನ್ಸಿಲ್ ಚೂಪು ಮಾಡಲು ಬ್ಯಾಗಿಗೆ ಕೈ ಹಾಕಿದಾಗ ನಾನು ಮೆಲ್ಲ ಇಣುಕಿದೆ. ಹಳೆಯ ಅಂಕಣಗಳೆಲ್ಲ ಹಾಗೆಯೇ ಇವೆ. ಕೊನೆಯಲ್ಲಿ ಹೊಸದೊಂದು ಸೇರಿದೆ: 'ಅಪ್ಪನಿಗೆ ನಿದ್ದೆ.' ಅದರ ಕೆಳಗೆ ತಿಂಗಳು ತಿಂಗಳಿನದು: ಮೂಲ್ಕಿ. ಪಡುಬಿದ್ರಿ. ಮುಕ್ಕ. ಪಡುಬಿದ್ರಿ.

ಈ ಸಲ ಮಲಗಬಾರದು ಎಂದು ಗಟ್ಟಿಮನಸ್ಸು ಮಾಡಿದೆ. ಹಳೆಯಂಗಡಿಯಲ್ಲಿ ಮುಖಕ್ಕೆ ಗಾಳಿ ಬರಲೆಂದು ಶಟರ್ ತುಸು ಎತ್ತಿದೆ, ಹಿಂದಿನ ಸೀಟಿನವರು ಮಳೆ ಬರ್ತದೆ ಎಂದು ಬೈದರು. ಮೂಲ್ಕಿ ಸೇತುವೆ ನೋಡಿದೆ. ಪಡುಬಿದ್ರಿಯಲ್ಲಿ ಕಾರ್ಕಳದ ಕಡೆಯವರು ಇಳಿದದ್ದನ್ನು ನೋಡಿದೆ. ಮಗ ಒಮ್ಮೆ ಗಡಿಯಾರ ನೋಡಿ, ಒಮ್ಮೆ ನನ್ನನ್ನು ನೋಡಿ, ಏನೋ ಬರೆದುಕೊಂಡ. ಉಚ್ಚಿಲ ಬಂದದ್ದು ನೆನಪಿದೆ. ಆಮೇಲಿನದ್ದನ್ನು ಅವನ ಪುಸ್ತಕ ನೋಡಿಯೇ ಹೇಳಬೇಕು.